ಎಂಟು ತುಂಡು ಕಿಂಕಾಪು: ಒಂಬತ್ತು ವಾರದ ಲೆಕ್ಕ

ವಾರ 1

ಮೊದಲೇ ಹೇಳಿಬಿಡುತ್ತೇನೆ, ಇದು ಕುತ್ತಿಗೆ ನೋವಿನ ಕಥೆ. ಹದಿನೈದು ವರ್ಷ ಕಂಪ್ಯೂಟರ್ ಮುಂದೆ ಕೂತು ಸಂಪಾದಿಸಿದ್ದು. ಫಿಸಿಯೋಥೆರಪಿಯಲ್ಲಿ ಹೇಳಿಕೊಟ್ಟ ವ್ಯಾಯಾಮವನ್ನು ಎರಡೇ ದಿನಕ್ಕೆ ಬಿಟ್ಟವನು ನಾನು. ಊರಿಂದ ತಂದ ಯೋಗದ ಚಾಪೆ ಬೀರುವಿನ ಹಿಂದೆ ಸುರುಳಿ ಸುತ್ತಿಕೊಂಡು ನಿಂತಿದೆ.

ಸಿಂಗಪುರಕ್ಕೆ ಬಂದು ಆರು ವರ್ಷವಾಯಿತು. ಬೆಳಿಗ್ಗೆ ರೈಲಿಗೆ ಓಡುವಾಗ ನಮ್ಮ ಬ್ಲಾಕಿನ ಕೆಳಗಿನ ಖಾಲಿ ಜಾಗದಲ್ಲಿ ಏಳೆಂಟು ಚೀನೀ ಆಂಟಿಯರು ನಿಧಾನಕ್ಕೆ ಕೈ ಎತ್ತಿ ಇಳಿಸುವುದನ್ನು ದಿನಾ ನೋಡುತ್ತಿದ್ದೆ. ಎಲ್ಲರೂ ಎಪ್ಪತ್ತು ದಾಟಿದವರು. ಒಬ್ಬರ ಕುತ್ತಿಗೆಯೂ ನನ್ನದರ ಹಾಗೆ ಮುಂದಕ್ಕೆ ಜೋತು ಬಿದ್ದಿಲ್ಲ.

ಅವರು ಮಾಡುವುದು ಬಾದ್ವಾನ್‌ಜಿನ್. ಹಾಗೆಂದರೆ ಎಂಟು ತುಂಡು ಕಿಂಕಾಪು, ಜರಿ ರೇಷ್ಮೆ. ಇದು ಚೀಗೊಂಗ್‌ನ ಒಂದು ಬಗೆ, ಅಂದರೆ ಉಸಿರಿನ ಜೊತೆ ನಿಧಾನಕ್ಕೆ ಮೈ ಆಡಿಸುವ ಚೀನೀ ವ್ಯಾಯಾಮ. ಅದರಲ್ಲಿ ಬಗೆಗಳು ಬಹಳ, ಹೊಸಬರಿಗೆ ಇದು ಸಲೀಸು. ಹೆಸರು 12ನೇ ಶತಮಾನದ, ಚೀನಾದ ಸಾಂಗ್ ರಾಜವಂಶದ ಕಾಲದ ಬರಹದಲ್ಲೇ ಸಿಗುತ್ತದೆ. ಈಗ ಹೆಚ್ಚಿನವರು ಮಾಡುವ ಕ್ರಮ ಮಾತ್ರ ಈಚಿನದು, 2003ರ ಹೊತ್ತಿಗೆ ಚೀನಾದ ಕ್ರೀಡಾ ಇಲಾಖೆ ಎಲ್ಲರಿಗೂ ಒಂದೇ ಥರ ಅಂತ ಗೊತ್ತುಮಾಡಿದ್ದು. ಎಂಟು ಚಲನೆ, ಸುಮಾರು 12 ನಿಮಿಷ. ಅಷ್ಟು ಹೊತ್ತು ಯಾರಿಗೆ ಸಿಗಲ್ಲ, ಅಲ್ವಾ?

ವಿಡಿಯೋ ನೋಡಿ ಹಾಲ್‌ನಲ್ಲೇ ಶುರು ಮಾಡಿದೆ. 12 ನಿಮಿಷದ್ದನ್ನು 7 ನಿಮಿಷಕ್ಕೆ ಮುಗಿಸಿ, ಇಷ್ಟೇನಾ ಅಂದುಕೊಂಡೆ.

ವಾರ 2

ಎಂಟನೇ ಚಲನೆ ನೋಡಲು ಏನೂ ಅಲ್ಲ. ಪಾದ ಜೋಡಿಸಿ ತುದಿಗಾಲಲ್ಲಿ ಏಳುವುದು, ಒಂದು ಗಳಿಗೆ ನಿಲ್ಲುವುದು, ಹಿಮ್ಮಡಿಯನ್ನು ನೆಲಕ್ಕೆ ಬಿಡುವುದು. ಬೆನ್ನುಮೂಳೆಗುಂಟ ಒಂದು ಸಣ್ಣ ಕುಲುಕು ತಲೆಯವರೆಗೆ ಹೋಗುತ್ತದೆ. ಏಳು ಸಲ ಹೀಗೆ ಕುಲುಕಿದರೆ ನೂರು ರೋಗ ಮಾಯ ಅಂತ ಅದರ ಹೆಸರೇ ಹೇಳುತ್ತದೆ.

ನಾನು 74 ಕಿಲೋ. ಮನೆ ಹನ್ನೊಂದನೇ ಮಹಡಿ. ಸಮಯ ಬೆಳಿಗ್ಗೆ 5.45. ನಾಲ್ಕನೇ ದಿನ ಬಾಗಿಲ ಸಂದಿಯಲ್ಲಿ ಚೀಟಿ: ದಯವಿಟ್ಟು ಇಷ್ಟು ಹೊತ್ತಿಗೆ ಕುಟ್ಟಬೇಡಿ. ಕೆಳಗಿನ ಮನೆಯವರ ಪಾಲಿಗೆ ಆ ನೂರು ರೋಗ ನಾನೇ ಆಗಿದ್ದೆ. ಕಿತ್ತಳೆ ಹಣ್ಣು ಹಿಡಿದು ಹೋಗಿ ಕ್ಷಮೆ ಕೇಳಿ ಬಂದೆ.

ವಾರ 3, 4

ಬೇರೆ ದಾರಿಯಿಲ್ಲದೆ ಕೆಳಗಿಳಿದೆ. ಹಿಂದಿನ ಸಾಲಿನಲ್ಲಿ ಕದ್ದು ನಿಲ್ಲೋಣ ಅಂದುಕೊಂಡರೆ, ಆಂಟಿಯರು ಎಳೆದು ನಟ್ಟ ನಡುವೆ ನಿಲ್ಲಿಸಿದರು. ಯಾವ ಕಡೆ ತಿರುಗಿದರೂ ನೋಡಿ ಮಾಡಲು ಎದುರಿಗೆ ಒಬ್ಬರು ಇರಬೇಕಲ್ಲ.

ಎರಡನೇ ಚಲನೆ ಬಿಲ್ಲು ಎಳೆಯುವುದು. ಕುದುರೆ ಮೇಲೆ ಕೂತ ಹಾಗೆ ಕಾಲು ಅಗಲಿಸಿ ತಗ್ಗಬೇಕು. ಒಂದು ಕೈ ಹೆದೆ ಎಳೆಯುತ್ತದೆ. ಇನ್ನೊಂದು ಕೈಯ ತೋರುಬೆರಳು ಮೇಲಕ್ಕೆ, ಹೆಬ್ಬೆರಳು ಅಗಲಕ್ಕೆ, ನೋಟ ಆ ಬೆರಳಿನಾಚೆ. ಮನೆಯಲ್ಲಿ ಇದನ್ನು ಜೋರಾಗಿ ಎಳೆದು ಖುಷಿಪಡುತ್ತಿದ್ದೆ. ಇಲ್ಲಿ ಅವರ ವೇಗಕ್ಕೆ ಮಾಡಿದರೆ ತೊಡೆ ಗಡಗಡ. ಕೆಂಪು ಟೀ ಶರ್ಟಿನ ಆಂಟಿ ಬಂದು ನನ್ನ ಭುಜದ ಮೇಲೆ ಎರಡು ಬೆರಳಿಟ್ಟು ಒತ್ತಿದರು. ಭುಜ ಕಿವಿಯ ಹತ್ತಿರ ಹೋಗಿತ್ತು, ನನಗೆ ಗೊತ್ತೇ ಇರಲಿಲ್ಲ. "ಬಾಯ್, ಸ್ಲೋ ಸ್ಲೋ. ಸೋ ಸ್ಟ್ರಾಂಗ್ ಫಾರ್ ವಾಟ್?" ನನಗೆ 41 ವರ್ಷ. ಇಲ್ಲಿ ನಾನು ಬಾಯ್.

ಅವತ್ತು ಮಧ್ಯಾಹ್ನ ಆಫೀಸಿನಲ್ಲಿ ಮೇಲ್ ಟೈಪ್ ಮಾಡುವಾಗ ನೋಡಿಕೊಂಡೆ. ಭುಜ ಮತ್ತೆ ಕಿವಿಯ ಹತ್ತಿರ. ಬೇಗ ಮಾಡಿದರೆ ಈ ಕಳ್ಳಾಟ ಗೊತ್ತಾಗುವುದಿಲ್ಲ. ನಿಧಾನ ಮಾಡಿದರೆ ಎಲ್ಲಿ ಸುಮ್ನೆ ಬಲ ಹಾಕುತ್ತಿದ್ದೇನೆ ಅಂತ ಒಂದೊಂದೇ ಸಿಕ್ಕಿಬೀಳುತ್ತದೆ.

ವಾರ 5

ಆಫೀಸಿನಲ್ಲಿ ರಿಲೀಸ್. ಅಭ್ಯಾಸ ಮೂರೇ ದಿನ.

ವಾರ 6

ಭಾನುವಾರ ಇದರ ಹಿಂದಿನ ಕಥೆ ಓದುತ್ತಾ ಕೂತೆ. ಚೀಗೊಂಗ್ ಅನ್ನುವ ಹೆಸರು ಈ ಅರ್ಥದಲ್ಲಿ ಮನೆಮಾತಾದದ್ದು 1950ರ ದಶಕದಲ್ಲಿ. ಲಿಯು ಗ್ವೆಯ್‌ಜೆನ್ ಎಂಬ ಕಮ್ಯುನಿಸ್ಟ್ ಕಾರ್ಯಕರ್ತ ಹೊಟ್ಟೆಹುಣ್ಣಿಗೆ ಉಸಿರಾಟದ ಅಭ್ಯಾಸ ಕಲಿತು, ಆಮೇಲೆ ಅದನ್ನು ಆರೋಗ್ಯಧಾಮಗಳಿಗೆ ತಂದ. ಅಭ್ಯಾಸ ಮಾತ್ರ ತುಂಬಾ ಹಳೆಯದು, ಅದಕ್ಕೆ ದಾವ್‌ಯಿನ್ ಅನ್ನುತ್ತಿದ್ದರು. ಚಾಂಗ್‌ಶಾ ಊರಿನ ಮಾವಾಂಗ್‌ದ್ವೆಯ್ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯನ್ನು 1973ರಲ್ಲಿ ತೆರೆದಾಗ, ಚೂರು ಚೂರಾದ ರೇಷ್ಮೆಯ ಮೇಲೆ 44 ಜನರ ಚಿತ್ರ ಸಿಕ್ಕಿತು. ಗಂಡಸರು, ಹೆಂಗಸರು, ಎಲ್ಲರೂ ಒಂದೊಂದು ಭಂಗಿಯಲ್ಲಿ. ಒಂದರ ಪಕ್ಕದ ಬರಹದಲ್ಲಿರುವುದು ಮಂಡಿನೋವು. ಚಿತ್ರವನ್ನು ದೊಡ್ಡದು ಮಾಡಿ ಆ ಮಂಡಿನೋವಿನವನನ್ನು ತುಂಬಾ ಹೊತ್ತು ನೋಡಿದೆ.

ವಾರ 7

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಏನೋ ಅದು, ನಿದ್ದೆಗಣ್ಣಲ್ಲಿ ಸೊಳ್ಳೆ ಹೊಡೀತಿದೀಯಾ?"

ಚೀ ಅಂದರೆ ಏನು ಅಂತ ಕೆಲವರು ಕೇಳಿದ್ದಾರೆ. ಉಸಿರು, ಗಾಳಿ, ಜೀವಶಕ್ತಿ, ಎಲ್ಲಾ ಅರ್ಥವೂ ಇದೆ. ಮೂರನೇ ಚಲನೆ ಹೊಟ್ಟೆಗೆ, ಐದನೆಯದು ಹೃದಯದ ಬೆಂಕಿ ಇಳಿಸಲು ಅನ್ನುತ್ತಾರೆ. ನಮ್ಮಜ್ಜಿ ಪರಂಗಿ ಹಣ್ಣು ಉಷ್ಣ ಅನ್ನುತ್ತಿದ್ದಳಲ್ಲ, ನಾನು ಹಾಗೆ ಕೇಳಿಕೊಳ್ಳುತ್ತೇನೆ. ವಾದ ಮಾಡಲ್ಲ, ಲ್ಯಾಬ್ ರಿಪೋರ್ಟ್ ಅಂತಲೂ ತಿಳಿಯಲ್ಲ. ಅಂಗೈ ಬೆಚ್ಚಗಾಗುವುದಂತೂ ನಿಜ. ಮುಗಿದ ಮೇಲೆ ಆಂಟಿಯರು ಚೆಸ್ ಮನೆ ಇರುವ ಕಲ್ಲು ಮೇಜಿನ ಸುತ್ತ ಕೂತು, ವಾರದ ಡಬ್ಬಿ ತೆಗೆದು ಬಿಪಿ ಮಾತ್ರೆ ನುಂಗುತ್ತಾರೆ. ಚೀ ಇದೆ ಅಂತ ಯಾರೂ ಮಾತ್ರೆ ಬಿಟ್ಟಿಲ್ಲ.

ವಾರ 9

63 ದಿನದಲ್ಲಿ ಕ್ಯಾಲೆಂಡರಿನಲ್ಲಿ 46 ಗೀಟು. ನೋವು ಹೋಗಿಲ್ಲ. ಸಂಜೆ ಹೊತ್ತಿಗೆ ಬರುತ್ತದೆ, ಮೊದಲಿನಷ್ಟು ಜಾಸ್ತಿ ಇಲ್ಲ. ನಾಲ್ಕನೇ ಚಲನೆಯಲ್ಲಿ ನಿಂತಲ್ಲೇ ಕುತ್ತಿಗೆ ತಿರುಗಿಸಿ ಹಿಂದಕ್ಕೆ ನೋಡಬೇಕು. ನನ್ನ ಅಳತೆ ಅದೇ. ಶುರುವಿನಲ್ಲಿ ಎಡಕ್ಕೆ ತಿರುಗಿದರೆ ಎರಡನೇ ಕಂಬದವರೆಗೆ ಕಾಣುತ್ತಿತ್ತು, ಈಗ ಅದರಾಚೆಯ ಅಂಚೆ ಪೆಟ್ಟಿಗೆಗಳ ಸಾಲು ಕಾಣುತ್ತದೆ. ಬಲಕ್ಕೆ ಇನ್ನೂ ಸೈಕಲ್ ಸ್ಟ್ಯಾಂಡ್ ದಾಟಿಲ್ಲ.

ಹಿಮ್ಮಡಿ ಇಳಿಸುವಾಗ ಈಗ ಸದ್ದೇ ಆಗಲ್ಲ. ಆದರೂ ಮನೆಯೊಳಗೆ ಮಾಡುವ ಧೈರ್ಯ ಬಂದಿಲ್ಲ.