ಹಳೇ ಬ್ರೆಡ್ಡು ಯಾಕೆ ಹಾಕ್ತೀಯ ಅಂತ ಕೇಳುವವರಿಗೆ

ಟೊಮ್ಯಾಟೊ ರಸದಲ್ಲಿ ಬ್ರೆಡ್ ಬೇಯಿಸುವ ಒಂದು ಇಟಲಿ ಅಡುಗೆಯನ್ನು ನಾನು ಆಗಾಗ ಮಾಡುತ್ತೇನೆ. ಹೆಸರು ಪಪ್ಪಾ ಅಲ್ ಪೊಮೊದೊರೊ. ತಿಂದವರೆಲ್ಲ ಕೇಳುವುದು ಒಂದೇ: "ಹಳೇ ಬ್ರೆಡ್ಡು ಯಾಕೆ? ಫ್ರೆಶ್ ಆಗಲ್ವಾ?"

ಆಗಲ್ಲ. ಫ್ರೆಶ್ ಬ್ರೆಡ್ ರಸಕ್ಕೆ ಬಿದ್ದರೆ ಅಂಟಂಟಾಗುತ್ತದೆ. ಒಣಗಿದ್ದು ರಸ ಕುಡಿದು ಉಬ್ಬುತ್ತದೆ, ಒಳಗೆಲ್ಲ ಟೊಮ್ಯಾಟೊ ಆಗುತ್ತದೆ. ಉತ್ತರ ಇಷ್ಟೇ.

ಆದರೆ ಕೇಳುವ ರೀತಿ ಇದೆಯಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ. ಕೆಲವರು "ಹಳಸಿದ ಬ್ರೆಡ್" ಅಂದುಬಿಡುತ್ತಾರೆ. ಹಳಸಿದ್ದು ಬೇರೆ, ಒಣಗಿದ್ದು ಬೇರೆ. ಹಳಸಿದ್ದನ್ನು ನಾನು ಯಾರಿಗೂ ಬಡಿಸುವುದಿಲ್ಲ.

ಹೋದ ವರ್ಷ ಚಿಕ್ಕಮ್ಮ ಬಂದಿದ್ದಾಗ ಮಾಡಿದ್ದೆ. ಮೂರು ದಿನ ಮೊದಲೇ ಬ್ರೆಡ್ ತಂದು, ದಪ್ಪ ದಪ್ಪ ಹೋಳು ಮಾಡಿ, ತೆಳು ಬಟ್ಟೆ ಮುಚ್ಚಿ ಒಣಗಿಸಿದ್ದೆ. ಎಲ್ಲರೂ ಊಟಕ್ಕೆ ಕೂತಿದ್ದಾಗ ಚಿಕ್ಕಮ್ಮ ಜೋರಾಗಿ ಕೇಳಿದರು. "ಮಿಕ್ಕಿದ ಬ್ರೆಡ್ಡೇನೇ ಇದು?" ಮಿಕ್ಕಿದ್ದಲ್ಲ ಚಿಕ್ಕಮ್ಮ, ಒಣಗಿಸಿದ್ದು ಅಂದೆ. "ಒಣಗಿಸಿ ಮತ್ತೆ ನೆನೆಸೋದಾ? ಯಾಕೆ ಎರಡೆರಡು ಕೆಲಸ?" ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಬೆಳಿಗ್ಗೆ ಎಲ್ಲರೂ ತಿಂದ ಅವಲಕ್ಕಿ ಏನು ಮತ್ತೆ?" ಅಂದೆ. ಭತ್ತ ನೆನೆಸಿ, ಹುರಿದು, ಕುಟ್ಟಿ, ಒಣಗಿಸಿ, ಮತ್ತೆ ನೆನೆಸಿ ಒಗ್ಗರಣೆ ಹಾಕುವ ನಾವು, ಒಣಗಿದ ಬ್ರೆಡ್ಡಿಗೆ ಮೂಗು ಮುರಿಯುವುದು ಯಾವ ನ್ಯಾಯ?

ಇದು ಇಟಲಿಯ ಟಸ್ಕನಿ ಪ್ರಾಂತ್ಯದ ಅಡುಗೆ. ಅಲ್ಲಿನ ಬ್ರೆಡ್‌ಗೆ ಉಪ್ಪೇ ಹಾಕುವುದಿಲ್ಲ. ನಮ್ಮ ನಂಜನಗೂಡು ರಸಬಾಳೆಗೆ ಜಿಐ ಗುರುತು, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಇದೆಯಲ್ಲ, ಹಾಗೇ ಆ ಬ್ರೆಡ್‌ಗೂ 2016ರಲ್ಲಿ ಯುರೋಪಿಯನ್ ಒಕ್ಕೂಟದ ರಕ್ಷಣೆ ಸಿಕ್ಕಿದೆ. ಒಣಗಿತು ಅಂತ ಅದನ್ನು ಬಿಸಾಡುವುದಿಲ್ಲ. ಚಳಿಗಾಲದಲ್ಲಿ ಸೊಪ್ಪು, ಕಾಳಿನ ಜೊತೆ ಬೇಯಿಸಿದರೆ ರಿಬೊಲ್ಲೀತಾ. ಬೇಸಿಗೆಯಲ್ಲಿ ನೆನೆಸಿ ಹಿಂಡಿ, ಹಸಿ ಟೊಮ್ಯಾಟೊ, ಈರುಳ್ಳಿ ಕಲಸಿದರೆ ಪಾನ್ಜನೆಲ್ಲಾ. ನಮ್ಮ ತಂಗಳನ್ನಕ್ಕೆ ಮೊಸರೂ ಇದೆ, ಚಿತ್ರಾನ್ನವೂ ಇದೆ, ಅಲ್ವಾ? 'ಪಪ್ಪಾ' ಅಂದರೆ ಅವರ ಮಕ್ಕಳ ಮಾತಿನಲ್ಲಿ ಮೆತ್ತನೆಯ ಊಟ, ನಮ್ಮ 'ಮಮ್ಮು' ಇದ್ದ ಹಾಗೆ. 1912ರಲ್ಲಿ ಇಟಲಿಯಲ್ಲಿ ಪುಸ್ತಕವಾಗಿ ಬಂದ ಜಾನ್ ಬುರ್ರಾಸ್ಕ ಎಂಬ ತುಂಟ ಹುಡುಗನ ಕಥೆಯಲ್ಲಿ, ಹಾಸ್ಟೆಲ್ಲಿನ ಹುಡುಗರು ದಿನಾ ಅಕ್ಕಿ ಸೂಪ್ ಕುಡಿದು ಬೇಸತ್ತು ದಂಗೆ ಏಳುತ್ತಾರೆ. ಅವರು ಆಸೆಪಡುವುದು ಇದೇ ಪಪ್ಪಾಕ್ಕೆ.

"ಯಾವ ಬ್ರೆಡ್ಡು?" ಅಂತ ಯಾರಾದರೂ ಕೇಳಬಾರದೇ! ಒಬ್ಬರೂ ಕೇಳಿಲ್ಲ. ರುಚಿ ಕೆಡುವುದು ಅಲ್ಲೇ. ನಮ್ಮ ಬೇಕರಿಯ ಸಿಹಿ ಸ್ಯಾಂಡ್‌ವಿಚ್ ಬ್ರೆಡ್ ಎಷ್ಟು ಒಣಗಿಸಿದರೂ ಬೇಡ, ಸಿಹಿ ಗಂಜಿ ಆಗುತ್ತದೆ. ಸೋರ್‌ಡೋ ತನ್ನಿ, ಅಂದರೆ ಹುಳಿ ಬರಿಸಿದ ಹಿಟ್ಟಿನ ಬ್ರೆಡ್, ಸಿಪ್ಪೆ ಗಟ್ಟಿ ಇರುವಂಥದ್ದು. ಅದರಲ್ಲಿ ಉಪ್ಪು ಇರುತ್ತದೆ, ಹಾಗಾಗಿ ಟೊಮ್ಯಾಟೊಗೆ ಉಪ್ಪು ಕಮ್ಮಿ ಹಾಕಿ.

ನಾಲ್ಕು ಜನಕ್ಕೆ 300 ಗ್ರಾಂ ಬ್ರೆಡ್, ಒಂದು ಕಿಲೋ ಟೊಮ್ಯಾಟೊ. ಚೆನ್ನಾಗಿ ಹಣ್ಣಾದ ನಾಟಿ ಟೊಮ್ಯಾಟೊ ಸಿಕ್ಕರೆ ಬಿಡಬೇಡಿ. ಆಲಿವ್ ಎಣ್ಣೆಯಲ್ಲಿ ಮೂರು ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಸಣ್ಣ ಉರಿ, ಕೆಂಪಾಗಬಾರದು. ಸಿಪ್ಪೆ ತೆಗೆದು ಕಿವುಚಿದ ಟೊಮ್ಯಾಟೊ ಸೇರಿಸಿ 20 ನಿಮಿಷ ಬೇಯಿಸಿ. ಆಮೇಲೆ ಬ್ರೆಡ್ ಮುರಿದು ಹಾಕಿ, ಮುಳುಗುವಷ್ಟು ಬಿಸಿನೀರು ಹಾಕಿ, ಇನ್ನು ಹತ್ತು ನಿಮಿಷ. ಒಲೆ ಆರಿಸಿ ಮುಚ್ಚಿಡಿ. ಅರ್ಧ ಗಂಟೆ ಮುಟ್ಟಬೇಡಿ. ಮರದ ಸೌಟಿನಿಂದ ತಿರುವಿದರೆ ಮುದ್ದೆಗಿಂತ ಮೆತ್ತಗೆ, ಗಂಜಿಗಿಂತ ಗಟ್ಟಿ ಇರಬೇಕು. ಕಾಮಕಸ್ತೂರಿ ಎಲೆ ಹರಿದು ಹಾಕಿ. ತುಳಸಿ ಹಾಕಬೇಡಿ, ಅದರ ಘಮವೇ ಬೇರೆ. ಬಟ್ಟಲಿಗೆ ಬಡಿಸಿದ ಮೇಲೆ ಹಸಿ ಆಲಿವ್ ಎಣ್ಣೆ, ಕೈ ಬಿಗಿ ಹಿಡಿಯದೆ. ಚೀಸ್ ಬೇಡ. ಮಸಾಲೆಯಂತೂ ಬೇಡವೇ ಬೇಡ.

ಮುಂದಿನ ಭಾನುವಾರ ಚಿಕ್ಕಮ್ಮ ಮತ್ತೆ ಬರುತ್ತಾರಂತೆ. ಗುರುವಾರವೇ ಬ್ರೆಡ್ ತರಬೇಕು.