ಟಿ-ಟೆಸ್ಟೋ, ಮ್ಯಾನ್-ವಿಟ್ನಿಯೋ?

"ಸರ್, ಸ್ಯಾಂಪಲ್ ಮೂವತ್ತಕ್ಕಿಂತ ಕಡಿಮಿ ಅದ. ಟಿ-ಟೆಸ್ಟ್ ನಡೀತದೋ, ಮ್ಯಾನ್-ವಿಟ್ನಿನೇ ಹಾಕಬೇಕೋ?" ಥೀಸಿಸ್ ಕೊಡುವ ಕಾಲ ಬಂತೆಂದರೆ ಬಾಗಲಕೋಟೆ, ವಿಜಯಪುರದ ಕಡೆಯ ತೋಟಗಾರಿಕೆ, ಕೃಷಿ ವಿದ್ಯಾರ್ಥಿಗಳು ಕೇಳುವುದು ಇದನ್ನೇ. ಎರಡು ಗುಂಪಿನ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ನೋಡುವ ಪರೀಕ್ಷೆಗಳಿವು: ಟಿ-ಟೆಸ್ಟ್ ಸರಾಸರಿಗಳನ್ನು ಹೋಲಿಸುತ್ತದೆ, ಮ್ಯಾನ್-ವಿಟ್ನಿ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ಸಿಗುವ ಸ್ಥಾನಗಳನ್ನು, ಅಂದರೆ ರ‍್ಯಾಂಕ್‌ಗಳನ್ನು. ಮೂವತ್ತರ ಲೆಕ್ಕ ಬಿಡಿ. ಅಳೆದದ್ದೇನು, ಹೇಳಬೇಕಾದದ್ದೇನು ಎಂಬುದನ್ನು ಮೊದಲು ನೋಡಿ.

ದಾಳಿಂಬೆಯ ದುಂಡಾಣು ಅಂಗಮಾರಿಗೆ ಎರಡು ಔಷಧ ಹೋಲಿಸುತ್ತಿದ್ದೀರಿ ಎನ್ನಿ. ರೋಗಕ್ಕೆ 0ಯಿಂದ 5ರವರೆಗೆ ದರ್ಜೆ ಕೊಟ್ಟಿದ್ದರೆ ಮ್ಯಾನ್-ವಿಟ್ನಿ ಸರಿ, ಏಕೆಂದರೆ 1ಕ್ಕೂ 2ಕ್ಕೂ ಇರುವಷ್ಟೇ ಅಂತರ 4ಕ್ಕೂ 5ಕ್ಕೂ ಇದೆ ಎನ್ನಲು ಆಧಾರವಿಲ್ಲ. ಔಷಧ ಮೂರಾದರೆ ಅದರದೇ ಹಿಗ್ಗಿದ ರೂಪ ಕ್ರಸ್ಕಲ್-ವಾಲಿಸ್. ಆರ್‌ಬಿಡಿ (ಹೊಲವನ್ನು ಬ್ಲಾಕ್ ಮಾಡಿ ಪ್ರತಿ ಬ್ಲಾಕಿನಲ್ಲೂ ಎಲ್ಲ ಔಷಧ ಹಾಕುವ) ವಿನ್ಯಾಸವಾಗಿದ್ದರೆ ಅದೂ ಅಲ್ಲ, ಫ್ರೀಡ್‌ಮನ್. ಹಣ್ಣಿನ ತೂಕ ಅಳೆದಿದ್ದರೆ ವೆಲ್ಚ್ ಟಿ-ಟೆಸ್ಟ್ ಮಾಡಿ. ಅದಕ್ಕೆ ಎರಡೂ ಗುಂಪಿನ ವೇರಿಯನ್ಸ್ (ಅಂಕಿಗಳು ಹರಡಿರುವ ಪ್ರಮಾಣ) ಸಮವಾಗಿರಬೇಕೆಂದಿಲ್ಲ. ಎಕ್ಸೆಲ್‌ನಲ್ಲಿ ಟಿ-ಟೆಸ್ಟ್ ಹಾಕುವಾಗ ಟೈಪ್ 3 ಎಂದರೆ ಇದೇ.

"ಮೊದಲು ಶಪೀರೋ-ವಿಲ್ಕ್, ಆಮೇಲೆ ತೀರ್ಮಾನ" ಎಂಬ ರೂಢಿ ನನಗೆ ಒಪ್ಪಿಗೆಯಿಲ್ಲ. ಅಂಕಿಗಳ ಹಂಚಿಕೆ ನಾರ್ಮಲ್, ಅಂದರೆ ಗಂಟೆಯಾಕಾರದ್ದೇ ಎಂದು ನೋಡುವ ಪರೀಕ್ಷೆ ಅದು. ಗುಂಪಿಗೆ ಆರು ಗಿಡವಿದ್ದರೆ ಅದು ದೊಡ್ಡ ಓರೆಯನ್ನೂ ಅನೇಕ ಸಲ ಹಿಡಿಯದು. ಐನೂರಿದ್ದರೆ ಲೆಕ್ಕಕ್ಕಿಲ್ಲದ ಓರೆಯನ್ನೂ ಹಿಡಿಯುತ್ತದೆ. ಎರಡೂ ಗುಂಪು ಕೂಡಿಸಿ ಹಾಕುವವರೂ ಇದ್ದಾರೆ. ಔಷಧ ಚೆನ್ನಾಗಿ ಕೆಲಸ ಮಾಡಿದ್ದರೆ ಅಲ್ಲಿ ಎರಡು ಗುಡ್ಡ ಕಾಣುವುದು ಸಹಜವೇ! ನೋಡಬೇಕಾದದ್ದು ರೆಸಿಡ್ಯುಯಲ್‌ಗಳನ್ನು, ಅಂದರೆ ಪ್ರತಿ ಅಂಕಿಯಿಂದ ಅದರ ಗುಂಪಿನ ಸರಾಸರಿ ಕಳೆದು ಉಳಿದದ್ದನ್ನು, ಅದೂ ಕ್ಯೂ-ಕ್ಯೂ ಚಿತ್ರದಲ್ಲಿ. ಹಂಚಿಕೆ ನಾರ್ಮಲ್ ಆಗಿದ್ದರೆ ಅಲ್ಲಿ ಚುಕ್ಕೆಗಳು ಹೆಚ್ಚುಕಡಿಮೆ ಸರಳರೇಖೆಯಲ್ಲಿ ಬೀಳುತ್ತವೆ.

"ಸ್ಯಾಂಪಲ್ ಕಡಿಮೆ, ಹಾಗಾಗಿ ನಾನ್-ಪ್ಯಾರಾಮೆಟ್ರಿಕ್" ಎಂದು ನಾರ್ಮಲ್ ಊಹೆ ಬೇಡದ ಮ್ಯಾನ್-ವಿಟ್ನಿಯಂಥ ಪರೀಕ್ಷೆಗೆ ಹೋಗುವುದು ಎಲ್ಲಕ್ಕಿಂತ ದುಬಾರಿ. ಗುಂಪಿಗೆ ಮೂರೇ ಇದ್ದರೆ ರ‍್ಯಾಂಕ್‌ಗಳು ಹಂಚಿಕೊಳ್ಳುವ ಬಗೆ ಒಟ್ಟು 20. ಒಂದು ಗುಂಪಿನ ಮೂರೂ ಇನ್ನೊಂದರ ಮೂರಕ್ಕಿಂತ ಮೇಲಿದ್ದರೂ ಎರಡು ಬದಿಯ ಪಿ ಬೆಲೆ (ಯಾವ ಗುಂಪು ಮೇಲಾದರೂ ಸರಿ, ನಿಜ ವ್ಯತ್ಯಾಸವಿಲ್ಲದೆಯೇ ಇಷ್ಟು ಅಥವಾ ಇನ್ನೂ ಹೆಚ್ಚು ಅಂತರ ಬರುವ ಸಾಧ್ಯತೆ) 2/20, ಅಂದರೆ 0.10. ಔಷಧ ಎಷ್ಟೇ ಒಳ್ಳೆಯದಿರಲಿ, ರೂಢಿಯ ಗಡಿಯಾದ 0.05ರ ಕೆಳಗೆ ಇಳಿಯುವ ದಾರಿಯೇ ಇಲ್ಲ. ನಾಲ್ಕು ನಾಲ್ಕಾದರೆ 2/70, ಸುಮಾರು 0.029. ಮೂರರಲ್ಲಿ ಟಿ-ಟೆಸ್ಟ್ ಗೆಲ್ಲಬಹುದು, ಆದರೆ ಪರೀಕ್ಷಿಸಲಾಗದ ನಾರ್ಮಲ್ ಊಹೆಯ ಬಲದಿಂದ.

ಇಂಡಿ ಭಾಗದ ಲಿಂಬೆ ಬೆಳೆಗಾರರ ಆದಾಯದಂಥ ಲೆಕ್ಕ ಬೇರೆ. ಕೆಲವು ದೊಡ್ಡ ಆದಾಯಗಳು ಸರಾಸರಿಯನ್ನು ಎಳೆಯುತ್ತವೆ. ಹಾಗೆಂದು ಮ್ಯಾನ್-ವಿಟ್ನಿ ಹಾಕಿ "ಸರಾಸರಿ ಹೆಚ್ಚಿದೆ" ಎಂದು ಬರೆಯಬೇಡಿ. ಈ ಗುಂಪಿನ ಒಬ್ಬರ ಆದಾಯ ಆ ಗುಂಪಿನ ಒಬ್ಬರದಕ್ಕಿಂತ ಹೆಚ್ಚಿರುವ ಸಾಧ್ಯತೆಯನ್ನಷ್ಟೇ ಅದು ತೂಗುತ್ತದೆ. ಹಂಚಿಕೆಯ ಆಕಾರ ಬೇರೆಯಾಗಿದ್ದರೆ ಮೀಡಿಯನ್ (ಸಾಲಿನ ನಡುವಿನ ಬೆಲೆ) ಬಗ್ಗೆಯೂ ಮಾತಾಡುವಂತಿಲ್ಲ. ಸರಾಸರಿಯೇ ಬೇಕಿದ್ದರೆ ಇದ್ದ ಅಂಕಿಗಳಿಂದಲೇ ಮತ್ತೆ ಮತ್ತೆ ಸ್ಯಾಂಪಲ್ ಎತ್ತಿ ಲೆಕ್ಕ ಹಾಕುವ ಬೂಟ್‌ಸ್ಟ್ರ್ಯಾಪ್ ಮಾಡಿ.

ಇನ್ನೊಂದು ಮಾತು: ಔಷಧವನ್ನು ಇಡೀ ಪ್ಲಾಟಿಗೆ ಹೊಡೆದಿದ್ದರೆ ಅದರ ಹತ್ತು ಗಿಡ ಹತ್ತು ಸ್ಯಾಂಪಲ್ ಅಲ್ಲ, ಒಂದೇ. ಎರಡೂ ಬಗೆಯ ಪರೀಕ್ಷೆ ಇಲ್ಲಿ ಒಂದೇ ರೀತಿ ಕೆಡುತ್ತವೆ.