ವಾಗಡುಗು ಬಸ್ಸಿನ ಟೊಮೆಟೊ ಆಂಟಿ

ಮೊದಲೇ ಹೇಳಿಬಿಡುತ್ತೇನೆ. ಘಾನಾದಿಂದ ಬುರ್ಕಿನಾ ಫಾಸೊಗೆ ಬಸ್ಸಲ್ಲಿ ಹೋಗೋದಾದರೆ ಹಳದಿ ಜ್ವರದ ಲಸಿಕೆ ಕಾರ್ಡನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳಿ. ಸೂಟ್‌ಕೇಸಿನಲ್ಲಿ ಬೇಡ. ಸೂಟ್‌ಕೇಸು ಬಸ್ಸಿನ ಹೊಟ್ಟೆಯಲ್ಲಿರುತ್ತದೆ, ಅದರ ಮೇಲೆ ಊರಿನವರೆಲ್ಲರ ಗಂಟುಮೂಟೆ. ಗಡಿಯ ಕೌಂಟರಿನಲ್ಲಿ ಕೂತವನಿಗೆ ಇದು ಚೆನ್ನಾಗಿ ಗೊತ್ತು. ಯಾವ ದೇಶದ ಕೌಂಟರು ಅಂತ ಹೇಳುವುದಿಲ್ಲ. ದುಡ್ಡು ಕೊಟ್ಟು ಬಂದೆ. ರಸೀದಿ ಕೇಳಿದ್ದಕ್ಕೆ ನಕ್ಕ.

2017ರ ಫೆಬ್ರವರಿ. ಆಗ ನಾನು ಘಾನಾದ ರಾಜಧಾನಿ ಅಕ್ರಾದಲ್ಲಿ ಒಂದು ಕಂಪನಿಯ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಬುರ್ಕಿನಾದ ರಾಜಧಾನಿ ವಾಗಡುಗುವಿನಲ್ಲಿ ಎರಡು ವರ್ಷಕ್ಕೊಮ್ಮೆ ಫೆಸ್ಪಾಕೊ ಎಂಬ ಆಫ್ರಿಕನ್ ಸಿನಿಮಾ ಜಾತ್ರೆ ನಡೆಯುತ್ತದೆ. 1969ರಲ್ಲಿ ಶುರುವಾದದ್ದು. ವಾರವೆಲ್ಲ ಸಿನಿಮಾ ನೋಡಬಹುದು ಅಂತ ಹೊರಟಿದ್ದೆ.

ಪಕ್ಕದ ಸೀಟಿನಲ್ಲಿ ಘಾನಾದ ಟೆಚಿಮಾನ್ ಊರಿನ ದಪ್ಪನೆಯ ಹೆಂಗಸು. ಅಲ್ಲೆಲ್ಲ ದೊಡ್ಡ ಹೆಂಗಸರನ್ನು ಆಂಟಿ ಅನ್ನುತ್ತಾರೆ, ನಾನೂ ಅಂದೆ. ಬೇಸಿಗೆಗೆ ಮುಂಚೆ ಘಾನಾದಲ್ಲಿ ಟೊಮೆಟೊ ಸಾಲುವುದಿಲ್ಲ. ಆಗೆಲ್ಲ ಹೆಂಗಸರು ಬುರ್ಕಿನಾಗೆ ಹೋಗಿ ಹೊಲದಲ್ಲೇ ಕೊಂಡು ಲಾರಿಗೆ ತುಂಬಿಸಿ ತರುತ್ತಿದ್ದರು. ಇವರದ್ದೂ ಅದೇ ವ್ಯಾಪಾರ.

ನಾನು ಕೋಲಾರದವನು. ಟೊಮೆಟೊ ಅಂದರೆ ಬಾಯಿ ಸುಮ್ನಿರುತ್ತಾ? ನಮ್ಮಲ್ಲಿ 15 ಕೆಜಿ ಬಾಕ್ಸು, ಬೆಳಗಿನ ಹರಾಜು ಅಂತ ಶುರು ಮಾಡಿದೆ. ಅವರದ್ದು ಒಬ್ಬನಿಂದ ಎತ್ತಲಾಗದ ಮರದ ಪೆಟ್ಟಿಗೆ. 'ಕೆಳಗಿನ ಕಾಯಿ ಜಜ್ಜಿ ಹೋಗಲ್ವಾ?' ಅಂದೆ. 'ಹೋಗುತ್ತೆ. ಅದು ಸೊಸೆಯ ಮನೆಗೆ' ಅಂದರು.

ಗಡಿಯಲ್ಲಿ ನಾನು ಕಳೆದುಕೊಂಡದ್ದನ್ನು ಹೇಳಿದಾಗ ಅವರು ಕನಿಕರ ಪಡಲಿಲ್ಲ. ತಮ್ಮ ಲೆಕ್ಕ ಹೇಳಿದರು. ಲಾರಿ ವಾಪಸ್ ಬರುವಾಗ ತಪಾಸಣೆಗೆ ಅಂತ ರಸ್ತೆಗೆ ಅಡ್ಡ ಹಗ್ಗ ಕಟ್ಟಿದ ಕಡೆಯಲ್ಲೆಲ್ಲ ನಿಲ್ಲಬೇಕು. ಕಾಗದ ಸರಿ ಇದ್ದರೂ 'ನಾಳೆ ನೋಡೋಣ' ಅನ್ನುತ್ತಾರೆ.

'ಕಬ್ಬಿಣ ತರ್ತಿದ್ರೆ ಎರಡು ದಿನ ಕೂತು ಜಗಳ ಆಡ್ತಿದ್ದೆ, ತಮ್ಮಾ. ಟೊಮೆಟೊ ಜಗಳಕ್ಕೆ ಕಾಯಲ್ಲ.'

ಪಶ್ಚಿಮ ಆಫ್ರಿಕಾದ ದೇಶಗಳು ಒಬ್ಬರ ನೆಲಕ್ಕೊಬ್ಬರು ಸಲೀಸಾಗಿ ಓಡಾಡಬಹುದು ಅಂತ 1979ರಲ್ಲೇ ಒಪ್ಪಂದ ಮಾಡಿಕೊಂಡಿದ್ದವು. ಹೇಳಿದೆ. 'ಆ ಕಾಗದ ನನ್ನ ಹತ್ರಾನೂ ಇದೆ' ಅಂತ ಬ್ಯಾಗು ತಟ್ಟಿದರು.

ಬುರ್ಕಿನಾದ ನಿರ್ದೇಶಕಿ ಅಪೊಲೀನ್ ತ್ರವೊರೆ ಮಾಡಿದ 'ಫ್ರಾಂಟಿಯೇರ್' ಅನ್ನೋ ಸಿನಿಮಾ ಆ ವರ್ಷ ಸ್ಪರ್ಧೆಯಲ್ಲಿತ್ತು. ಹೆಸರಿನ ಅರ್ಥವೇ ಗಡಿಗಳು. ಬಸ್ಸಿನಲ್ಲಿ ಸೆನೆಗಲ್‌ನ ಡಕಾರ್‌ನಿಂದ ನೈಜೀರಿಯಾದ ಲಾಗೋಸ್‌ವರೆಗೆ ಹೋಗುವ ವ್ಯಾಪಾರಿ ಹೆಂಗಸರ ಕಥೆ. ನಿಮ್ಮದೇ ಕಥೆ, ನೀವೂ ಬನ್ನಿ ಅಂದೆ. ಅವರಿಗೆ ನಗು.

'ನಂಗೆ ಯಾಕೆ ತೋರಿಸ್ತಾರೆ? ನಂಗೆ ಗೊತ್ತಿರೋದೇ ಅಲ್ವಾ? ಆ ಕೌಂಟರಿನಲ್ಲಿ ಕೂತಿದ್ದಾನಲ್ಲ, ಅವನಿಗೆ ತೋರಿಸಿ.'

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಉತ್ತರದ ಕಡೆಗೆ ಹೋಗುವ ವ್ಯಾನು ಹುಡುಕಿಕೊಂಡು ಹೊರಟೇಹೋದರು.

ವಾಗಡುಗು ಕೆಂಪು ಧೂಳಿನ ಊರು, ಎಲ್ಲೆಲ್ಲೂ ಮೊಪೆಡ್ಡು. ರಸ್ತೆ ನಡುವಿನ ವೃತ್ತದಲ್ಲಿ ಸಿನಿಮಾದವರ ಸ್ಮಾರಕ ಇದೆ, ರೀಲು ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ನಮ್ಮಲ್ಲಿ ನಟರಿಗೆ ಪ್ರತಿಮೆ ನಿಲ್ಲಿಸುತ್ತೇವೆ, ಇಲ್ಲಿ ನಿರ್ದೇಶಕರಿಗೆ. ಸುಮ್ನೆ ಅಲ್ಲ. ಥಿಯೇಟರುಗಳೆಲ್ಲ ಫ್ರೆಂಚ್ ಕಂಪನಿಗಳ ಹಿಡಿತದಲ್ಲಿದ್ದ ಕಾಲದಲ್ಲಿ, 1970ರಲ್ಲಿ, ಈ ಬಡ ದೇಶ ಅವನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿತ್ತು. ಊಟ ಮಾತ್ರ ಹಿಡಿಸಲಿಲ್ಲ. ರಿ ಗ್ರಾ ಅಂದರೆ ಒಗ್ಗರಣೆ ಮರೆತ ಟೊಮೆಟೊ ಬಾತ್, ಮೇಲೆ ಎಣ್ಣೆ ಜಾಸ್ತಿ. ಬಿಸ್ಸಾಪ್ ಪಾನಕ ಕುಡಿಯಿರಿ. ನಮ್ಮ ಪುಂಡಿ ಗಿಡದ್ದೇ ಕೆಂಪು ಹೂವಿನದು, ತಣ್ಣಗೆ ಹುಳಿಹುಳಿ.

ಸೆನೆಗಲ್‌ನ ಉಸ್ಮಾನ್ ಸೆಂಬೆನ್ ನೆನಪಾಗುತ್ತಲೇ ಇದ್ದರು. ಮೊದಲು ಕಾದಂಬರಿ ಬರೆಯುತ್ತಿದ್ದರು. ತನ್ನ ಜನಕ್ಕೆ ಅದನ್ನು ಓದಲು ಬರುವುದಿಲ್ಲ ಅಂತ ಕ್ಯಾಮೆರಾ ಹಿಡಿದರು, 1968ರಲ್ಲಿ ಅಲ್ಲಿನ ಜನರ ವೊಲೊಫ್ ಭಾಷೆಯಲ್ಲೇ ಸಿನಿಮಾ ಮಾಡಿದರು. ಸಿನಿಮಾ ಅವರಿಗೆ ರಾತ್ರಿ ಶಾಲೆ. ಆದರೆ ಆ ಶಾಲೆಗೆ ಯಾರನ್ನು ಕೂರಿಸಬೇಕು? ಆಂಟಿಯ ಪ್ರಶ್ನೆ ಅದೇ ತಾನೆ.

'ಫ್ರಾಂಟಿಯೇರ್' ನೋಡಲು ನೂಕುನುಗ್ಗಲು. ಹಿಂದಿನ ವರ್ಷ ಊರಲ್ಲಿ ಉಗ್ರರ ದಾಳಿ ಆಗಿತ್ತು, ಹಾಗಾಗಿ ಬಾಗಿಲಲ್ಲಿ ತಪಾಸಣೆ. ನನ್ನ ಚೀಲ ತಡಕಿದ ಯೂನಿಫಾರ್ಮಿನ ಹುಡುಗ ಆಮೇಲೆ ಒಳಗೆ ಬಂದು ಗೋಡೆಗೆ ಒರಗಿ ನಿಂತ. ನನ್ನ ಫ್ರೆಂಚು ಅಷ್ಟಕ್ಕಷ್ಟೇ. ಮಾತು ಅರ್ಧ ಅರ್ಥವಾಯಿತು, ಉಳಿದದ್ದು ಪ್ರೇಕ್ಷಕರಿಂದ ಗೊತ್ತಾಯಿತು. ಪರದೆಯ ಮೇಲೆ ಗಡಿಯವನು ದುಡ್ಡಿಗೆ ಪೀಡಿಸುವಾಗ ಹಾಲಿಗೆ ಹಾಲೇ ನಕ್ಕಿತು. ಹಿಂದಿನಿಂದ ಯಾರೋ ಅಲ್ಲಿನ ಮೋರೆ ಎಂಬ ಭಾಷೆಯಲ್ಲಿ ಏನೋ ಕೂಗಿದರು. ಮುಂದಿನ ಸಾಲಿನವರು ತಿರುಗಿ ಆ ಹುಡುಗನನ್ನೇ ನೋಡಿದರು. ಅವನೂ ನಗುತ್ತಿದ್ದ. ಕಥೆಯಲ್ಲಿ ಹೆಂಗಸರ ಮೇಲೆ ಕೈ ಮಾಡುವ ಹೊತ್ತಿಗೆ ಎಲ್ಲರೂ ತೆಪ್ಪಗಾದರು. ಮತ್ತೆ ನೋಡಿದೆ. ಅವನು ಅಲ್ಲೇ ಇದ್ದ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಉಳಿದ ದಿನಗಳಲ್ಲಿ ಇನ್ನೂ ಎಷ್ಟೋ ಸಿನಿಮಾ ನೋಡಿದೆ. ದೊಡ್ಡ ಬಹುಮಾನ ಅಲೆನ್ ಗೋಮಿಸ್ ಅವರ 'ಫೆಲಿಸಿತೆ'ಗೆ ಬಂತು.

ವಾಪಸ್ ಬರುವಾಗ ಕಾರ್ಡು ಅಂಗಿ ಜೇಬಿನಲ್ಲೇ ಇತ್ತು. ಯಾರೂ ಕೇಳಲಿಲ್ಲ. ಹಗ್ಗದ ಆಚೆ ಟೊಮೆಟೊ ಲಾರಿಗಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು, ನೆರಳಿನಲ್ಲಿ ಹೆಂಗಸರು ಕೂತಿದ್ದರು. ಕಿಟಕಿಯಿಂದ ಬಗ್ಗಿ ಬಗ್ಗಿ ನೋಡಿದೆ. ಆಂಟಿ ಕಾಣಲಿಲ್ಲ, ಬಸ್ಸು ಹೊರಟಿತು.